1450 ಡಿಗ್ರಿಗೆ ಸುಟ್ಟ ಜಿರ್ಕೋನಿಯಾ ಬಿಲ್ಲೆ ತಣಿದ ಮೇಲೆ ಸೀಳುತ್ತಿದೆ, ಎಲ್ಲಿ ತಪ್ಪಿದೆ?

ಕೇಳಿದವರು:
3 ಮೋಲ್ ಶೇಕಡಾ ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಇರುವ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಬೇಕು. ಜಿರ್ಕೋನಿಯಂ ಆಕ್ಸಿಕ್ಲೋರೈಡ್ (ಎಂಟು ನೀರಿನದು) 31.26 ಗ್ರಾಂ, ಇಟ್ರಿಯಂ ನೈಟ್ರೇಟ್ (ಆರು ನೀರಿನದು) 1.15 ಗ್ರಾಂ ಕರಗಿಸಿ, ಅದಕ್ಕೆ ಅಮೋನಿಯಾ ಹನಿಸಿದೆ. 600 ಡಿಗ್ರಿಗೆ ಕಾಯಿಸಿದ ಪುಡಿಯ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇಯಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಟೆಟ್ರಾಗೋನಲ್ ಎಂಬ ಹರಳುರೂಪ ಮಾತ್ರ. ಬಿಲ್ಲೆ ಒತ್ತಿ 1450ರಲ್ಲಿ 2 ಗಂಟೆ ಇಟ್ಟರೆ ಮೈತುಂಬ ಬಿರುಕು, ಬಹುಪಾಲು ಮೊನೊಕ್ಲಿನಿಕ್ ಎಂಬ ಇನ್ನೊಂದು ರೂಪ. ಇನ್ನೂ ನಿಧಾನ ತಣಿಸಬೇಕೇ?

ತಕ್ಕಡಿ:
ಕುಲುಮೆ ಬಿಡಿ, ತೂಕ ನೋಡಿ. 3 ಮೋಲ್ ಶೇಕಡಾ ಅನ್ನುವುದು ಇಟ್ರಿಯಾದ ಲೆಕ್ಕ. ಅದರ ಒಂದೊಂದು ಅಣುವಿಗೂ ಎರಡು ಇಟ್ರಿಯಂ ಬೇಕು. ನಿಮ್ಮ 31.26 ಗ್ರಾಂನಲ್ಲಿ 0.097 ಮೋಲ್ ಜಿರ್ಕೋನಿಯಂ ಇದೆ. ಅದಕ್ಕೆ 0.006 ಮೋಲ್ ಇಟ್ರಿಯಂ, ಅಂದರೆ 2.30 ಗ್ರಾಂ ನೈಟ್ರೇಟ್ ಹಾಕಬೇಕಿತ್ತು. ನೀವು ಹಾಕಿದ್ದು ಅರ್ಧ, ಹಾಗಾಗಿ ಕೈಯಲ್ಲಿರುವುದು 1.5 ಶೇಕಡಾದ ಮಾಲು, ತಣಿದ ಮೇಲೂ ಟೆಟ್ರಾಗೋನಲ್ ಹಿಡಿದಿಡಲು ಅಷ್ಟು ಇಟ್ರಿಯಾ ಸಾಲದು. ಈ ತಪ್ಪು ಎಲ್ಲ ಲ್ಯಾಬ್‌ಗಳಲ್ಲೂ ಆಗುತ್ತದೆ. ಇನ್ನೊಂದು ಮಾತು: ನೈಟ್ರೇಟ್ ಗಾಳಿಯ ತೇವ ಹೀರುತ್ತದೆ, ಬಾಟಲಿಯ ಮೇಲಿನ ಆರು ನೀರನ್ನು ನಂಬಬೇಡಿ. 1 ಗ್ರಾಂ ತೂಗಿ 1000 ಡಿಗ್ರಿಗೆ ಸುಟ್ಟು, ಉಳಿದ ಆಕ್ಸೈಡ್ ತೂಗಿ ಲೆಕ್ಕ ಹಾಕಿ.

ಹರಳುಗಣ್ಣು:
600ರ ಪುಡಿ ನಿಮ್ಮನ್ನು ಏಮಾರಿಸಿದೆ. ಹರಳು ಸುಮಾರು 30 ನ್ಯಾನೋಮೀಟರ್‌ಗಿಂತ ಚಿಕ್ಕದಿದ್ದರೆ ಇಟ್ರಿಯಾ ಒಂದು ಚೂರೂ ಇಲ್ಲದ ಜಿರ್ಕೋನಿಯಾ ಕೂಡ ಟೆಟ್ರಾಗೋನಲ್ ಆಗಿ ನಿಲ್ಲುತ್ತದೆ, ಮೇಲ್ಮೈ ಶಕ್ತಿಯ ಲಾಭದಿಂದ. 1450ರಲ್ಲಿ ಹರಳು ಬೆಳೆದು ಆ ಲಾಭ ಹೋಗುತ್ತದೆ. ಶುದ್ಧ ಜಿರ್ಕೋನಿಯಾ ಸುಮಾರು 1170 ಡಿಗ್ರಿಯವರೆಗೆ ಮೊನೊಕ್ಲಿನಿಕ್, 2370ರವರೆಗೆ ಟೆಟ್ರಾಗೋನಲ್, ಅದರಾಚೆ ಕರಗುವವರೆಗೆ ಕ್ಯೂಬಿಕ್. ಇಳಿಯುವಾಗ ಟೆಟ್ರಾಗೋನಲ್ ಮೊನೊಕ್ಲಿನಿಕ್ ಆದರೆ ಗಾತ್ರ 4–5 ಶೇಕಡಾ ಹಿಗ್ಗುತ್ತದೆ, ಬಿಲ್ಲೆ ಸೀಳುವುದು ಅದಕ್ಕೇ. ಇದು ಉಕ್ಕಿನ ಮಾರ್ಟೆನ್‌ಸೈಟ್ ತರಹದ ಬದಲಾವಣೆ, ಪರಮಾಣುಗಳು ಹರಿದಾಡಬೇಕಿಲ್ಲ. ಹಾಗಾಗಿ ನಿಧಾನ ತಣಿಸಿ ತಡೆಯಲಾಗದು. ಅದೇ ಬಿಲ್ಲೆಯನ್ನು ಮತ್ತೆ ಕಾಯಿಸಿದರೂ ಮೇಲೆ ಟೆಟ್ರಾಗೋನಲ್, ಕೆಳಗಿಳಿದಾಗ ಮತ್ತದೇ ಕಥೆ.

ಕೇಳಿದವರು:
ತೂಕದ ತಪ್ಪು ಗೊತ್ತಾಯಿತು, ಧನ್ಯವಾದ ಸರ್. 600ರ ಪುಡಿ ಕ್ಯೂಬಿಕ್ ಅಲ್ಲ ಅಂತ ಹೇಗೆ ಹೇಳುವುದು? ಎಕ್ಸ್‌ಆರ್‌ಡಿಯಲ್ಲಿ 30 ಡಿಗ್ರಿ ಕೋನದ ಹತ್ತಿರ ಒಂದೇ ಶಿಖರ ಇದೆ.

ಹರಳುಗಣ್ಣು:
ಅದೊಂದರಿಂದ ಹೇಳಲಾಗದು. 2 ಥೀಟಾ (ಎಕ್ಸ್‌ಆರ್‌ಡಿಯ ಕೋನ) 72ರಿಂದ 76 ಡಿಗ್ರಿಯವರೆಗೆ ನಿಧಾನ ಓಡಿಸಿ: ಕ್ಯೂಬಿಕ್‌ಗೆ ಒಂದು ಶಿಖರ, ಟೆಟ್ರಾಗೋನಲ್‌ಗೆ ಎರಡು. ನ್ಯಾನೋ ಪುಡಿಯಲ್ಲಿ ಶಿಖರ ಅಗಲವಾಗಿ ಎರಡೂ ಬೆರೆತುಹೋದರೆ ರಾಮನ್‌ಗೆ (ಚದುರಿದ ಲೇಸರ್ ಬೆಳಕು ಅಳೆಯುವ ಪರೀಕ್ಷೆ) ಹೋಗಿ. ಟೆಟ್ರಾಗೋನಲ್ 147 ಮತ್ತು 265 cm⁻¹ ಹತ್ತಿರ ಪಟ್ಟಿ ಕೊಡುತ್ತದೆ, ಮೊನೊಕ್ಲಿನಿಕ್ 178–190ರ ಜೋಡಿ.

ಕುಲುಮೆಕಟ್ಟೆ:
ತೂಕ ಸರಿಮಾಡಿದರೂ ಸುರಿಯುವ ಕ್ರಮ ಹಾಗೇ ಇಟ್ಟರೆ ಮತ್ತೆ ತೊಂದರೆ. ಆಮ್ಲೀಯ ದ್ರಾವಣಕ್ಕೆ ಅಮೋನಿಯಾ ಹನಿಸಿದರೆ ಜಿರ್ಕೋನಿಯಂ ಮೊದಲೇ ಗಸಿಯಾಗಿ ಕೂರುತ್ತದೆ, ಇಟ್ರಿಯಂ ಪಿಎಚ್ 7ರ ಆಸುಪಾಸಿನಲ್ಲಿ. ಎರಡೂ ಬೇರೆ ಬೇರೆ ಕೂತರೆ ಕೆಲವು ಹರಳಿಗೆ ಇಟ್ರಿಯಾ ಹೆಚ್ಚು, ಕೆಲವಕ್ಕೆ ಇಲ್ಲ. ಉಪ್ಪಿನ ದ್ರಾವಣವನ್ನೇ ಅಮೋನಿಯಾಕ್ಕೆ ಹನಿಸಿ, ಕಲಕುತ್ತಾ ಪಿಎಚ್ 9ಕ್ಕಿಂತ ಕೆಳಗೆ ಬಿಡಬೇಡಿ.

ಕ್ಲೋರೈಡ್ ಹೋಗುವವರೆಗೆ ತೊಳೆಯಿರಿ. ತೊಳೆದ ನೀರಿಗೆ ಮೊದಲು ನೈಟ್ರಿಕ್ ಆಮ್ಲ ಹಾಕಿ, ಆಮೇಲೆ ಸಿಲ್ವರ್ ನೈಟ್ರೇಟ್. ಅಮೋನಿಯಾ ಉಳಿದಿದ್ದರೆ ಸಿಲ್ವರ್ ಕ್ಲೋರೈಡ್ ಕರಗಿಹೋಗಿ ಕ್ಲೋರೈಡ್ ಇಲ್ಲ ಅಂತ ಸುಳ್ಳು ಹೇಳುತ್ತದೆ. ಕೊನೆಯ ಎರಡು ತೊಳೆತ ಎಥನಾಲ್‌ನಲ್ಲಿ ಆಗಲಿ, ಇಲ್ಲದಿದ್ದರೆ ಒಣಗಿದಾಗ ಕಲ್ಲಿನಂತೆ ಗಟ್ಟಿ ಗಂಟು.

ಹರಳುಗಣ್ಣು:
ಸುಟ್ಟ ಬಿಲ್ಲೆಯನ್ನು ಅರೆದು ಎಕ್ಸ್‌ಆರ್‌ಡಿಗೆ ಇಡಬೇಡಿ. ಅರೆಯುವ ಒತ್ತಡಕ್ಕೇ ಟೆಟ್ರಾಗೋನಲ್ ಮೊನೊಕ್ಲಿನಿಕ್ ಆಗುತ್ತದೆ. ಬಿಲ್ಲೆಯ ಸುಟ್ಟ ಮೈಯನ್ನೇ ನೋಡಿ. ಲೆಕ್ಕಕ್ಕೆ 28.2 ಮತ್ತು 31.5ರ ಮೊನೊಕ್ಲಿನಿಕ್ ಶಿಖರಗಳನ್ನು ಕೂಡಿ, 30.2ರ ಟೆಟ್ರಾಗೋನಲ್ ಶಿಖರವನ್ನೂ ಸೇರಿಸಿದ ಮೊತ್ತದಿಂದ ಭಾಗಿಸಿ. ಬಂದದ್ದನ್ನು 1.311ರಿಂದ ಗುಣಿಸಿ, 1ಕ್ಕೆ ಆ ಮೊದಲ ಭಾಗಲಬ್ಧದ 0.311 ಪಟ್ಟು ಕೂಡಿದ ಮೊತ್ತದಿಂದ ಭಾಗಿಸಿ. ಮೊದಲ ಭಾಗಲಬ್ಧ 0.20 ಬಂದರೆ ಮೊನೊಕ್ಲಿನಿಕ್‌ನ ನಿಜವಾದ ಗಾತ್ರಾಂಶ ಸುಮಾರು 0.25.

ಕುಲುಮೆಕಟ್ಟೆ:
1450 ಸಾಕು. ಗಟ್ಟಿಯಾಗಲಿ ಅಂತ 1600ಕ್ಕೆ ಏರಿಸಿದರೆ ಹರಳು ದೊಡ್ಡದಾಗುತ್ತದೆ, ಇಟ್ರಿಯಾ ಕ್ಯೂಬಿಕ್ ಹರಳುಗಳಿಗೆ ಸರಿದು ಟೆಟ್ರಾಗೋನಲ್ ಬಡವಾಗುತ್ತದೆ. ಅಂಥ ಬಿಲ್ಲೆ ಹೊರಬಂದಾಗ ಚೆನ್ನಾಗೇ ಕಾಣುತ್ತದೆ, ನೀರಾವಿಯಲ್ಲಿ ಕೆಡುತ್ತದೆ. ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಪಾತ್ರೆ) 134 ಡಿಗ್ರಿ, 2 ಬಾರ್, 5 ಗಂಟೆ ಇಟ್ಟು ಅದೇ ಮೈಯ ಎಕ್ಸ್‌ಆರ್‌ಡಿ ಮತ್ತೆ ತೆಗೆಯಿರಿ. ಮೂಳೆ ಕಸಿಯ ಜಿರ್ಕೋನಿಯಾಕ್ಕೆ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13356 ಹೇಳುವ ಮಿತಿ 25 ಶೇಕಡಾ ಮೊನೊಕ್ಲಿನಿಕ್.