ನಿನ್ನೆವರೆಗೆ ಜೊತೆಗಿದ್ದವರ ಬ್ಯಾಗ್ ಇನ್ನು ನಾನೇ ನೋಡಬೇಕು: ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ

ಕೇಳಿದವರು, ಕಂಕನಾಡಿ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಬಿಲ್ಲಿಂಗ್ ಕೌಂಟರಿನಲ್ಲಿ ಸೇರಿದವಳು, ಈಗ ಫ್ಲೋರ್ ಸೂಪರ್‌ವೈಸರ್. ಬರುವ ತಿಂಗಳಿಂದ ಮೂರು ಬ್ರಾಂಚಿನ ಲಾಸ್ ಪ್ರಿವೆನ್ಷನ್, ಅಂದರೆ ಕಳ್ಳತನ ಮತ್ತು ಸ್ಟಾಕ್ ನಷ್ಟ ತಡೆಯುವ ಕೆಲಸ, ನೋಡಿಕೊಳ್ಳಿ ಎಂದಿದ್ದಾರೆ. ಸಂಬಳ ಜಾಸ್ತಿ. ಆದರೆ ಒಟ್ಟಿಗೆ ಬುತ್ತಿ ಬಿಚ್ಚಿ ಉಂಡವರನ್ನೇ ಸಂಶಯದಿಂದ ನೋಡಬೇಕಲ್ಲ ಎಂದು ನಿದ್ದೆ ಬರುತ್ತಿಲ್ಲ. ಸ್ಟಾಕ್ ಕಮ್ಮಿ ಬಂದರೆ ಆ ಸೆಕ್ಷನ್‌ನವರ ಸಂಬಳದಿಂದ ಹಿಡಿಯಬೇಕಂತೆ. ಒಪ್ಪಿಕೊಳ್ಳಲಾ? ಒಪ್ಪಿದರೆ ಏನು ಕಲಿಯಬೇಕು?

ಉಡುಪಿಯಿಂದ, ಈ ಕೆಲಸದಲ್ಲಿ ಹದಿಮೂರು ವರ್ಷ

ಒಪ್ಪಿಕೊಳ್ಳಿ ಮೇಡಂ. ನಿದ್ದೆ ಬಾರದವರೇ ಈ ಕೆಲಸಕ್ಕೆ ಬೇಕು. ನಾನು ಮೊದಲ ವರ್ಷ ಮಾಡಿದ ತಪ್ಪು ಹೇಳುತ್ತೇನೆ.

ಸ್ಟಾಕ್ ಎಣಿಸುವಾಗ ತಲೆಗೆ ಹಾಕುವ ಎಣ್ಣೆಯ 24 ಬಾಟಲಿ ಕಮ್ಮಿ ಬಂತು. ಆ ರ‍್ಯಾಕ್ ನೋಡುತ್ತಿದ್ದ ಹುಡುಗಿಯನ್ನು ಗೋಡೌನಿಗೆ ಕರೆದು, ಅಕ್ಕಿ ಮೂಟೆ ಪಕ್ಕ ಸ್ಟೂಲ್ ಮೇಲೆ ಕೂರಿಸಿ ಕೇಳಿದೆ. "ನನಗೆ ಗೊತ್ತಿಲ್ಲ ಸರ್" ಎಂದಳು. ಯೂನಿಫಾರ್ಮಿನ ದಾರವನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಸುತ್ತುತ್ತಾಳೆ. ನಾನು ಅದನ್ನೇ ಕಳ್ಳತನದ ಗುರುತು ಎಂದುಕೊಂಡೆ. ಮರುದಿನದಿಂದ ಅವಳು ಬರಲಿಲ್ಲ.

ಮೂರನೇ ದಿನ ಇನ್‌ವರ್ಡ್ ಫೈಲ್, ಅಂದರೆ ಒಳಗೆ ಬಂದ ಮಾಲಿನ ಲೆಕ್ಕ, ತೆಗೆದೆ. ಮೊದಲು ಒಂದು ಬಾಕ್ಸಿಗೆ 48 ಬಾಟಲಿ ಬರುತ್ತಿತ್ತು. ಕಂಪನಿ ಅದನ್ನು 36ಕ್ಕೆ ಇಳಿಸಿತ್ತು. ನಮ್ಮವರು ಬಾಕ್ಸ್ ಒಡೆಯದೆ ಎರಡು ಬಾಕ್ಸಿಗೆ 96 ಎಂದು ಬರೆದಿದ್ದರು. ಬಂದದ್ದೇ 72. ಮಲ್ಪೆಯಲ್ಲಿದ್ದ ಅವಳ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವಳ ಅಮ್ಮ ನೀರು ಬೆಲ್ಲ ಕೊಟ್ಟರು, ಕೂರಿಸಿ ಮಾತಾಡಿಸಿದರು. ಹುಡುಗಿ ಮಾತ್ರ ಹೊರಗೆ ಬರಲೇ ಇಲ್ಲ. ಆ ಮನೆಯ ಜಗಲಿ ಇವತ್ತಿಗೂ ನನ್ನ ಕಣ್ಣ ಮುಂದೆ ಉಂಟು.

ಅಂದಿನಿಂದ ಕಾಗದ ಪೂರ್ತಿ ನೋಡದೆ ಯಾರ ಹೆಸರನ್ನೂ ಬಾಯಿಗೆ ತರುವುದಿಲ್ಲ. ಲಾರಿಯಿಂದ ಇಳಿದದ್ದೆಷ್ಟು, ಬರೆದದ್ದೆಷ್ಟು? ಒಂದರ ಬದಲು ಇನ್ನೊಂದರ ಬಾರ್‌ಕೋಡ್ ಹೊಡೆದಿದ್ದಾರಾ? ಡೇಟ್ ಮುಗಿದದ್ದು, ಇಲಿ ಕಡಿದದ್ದು ಡ್ಯಾಮೇಜ್ ಪುಸ್ತಕಕ್ಕೆ ಏರಿದೆಯಾ? ನಮ್ಮ ಕರಾವಳಿಯಲ್ಲಿ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೂನ್ ಬಂತೆಂದರೆ ಬೆಲ್ಲ ನೀರು ಬಿಡುತ್ತದೆ, ಗೋಣಿ ಒದ್ದೆ, ತೂಕ ಕಮ್ಮಿ. ಅದನ್ನು ಕದ್ದವರು ಯಾರು ಹೇಳಿ? ಇಷ್ಟೆಲ್ಲ ನೋಡಿದ ಮೇಲೂ ಲೆಕ್ಕ ಕೂಡದಿದ್ದರೆ ಆಗ ಕ್ಯಾಮೆರಾ, ಕೊನೆಗೆ ಮನುಷ್ಯರು.

ಸಂಬಳ ಹಿಡಿಯುವ ವಿಷಯ. ಇದನ್ನು ಮೊದಲೇ ಮಾತಾಡಿ ಇತ್ಯರ್ಥ ಮಾಡಿಕೊಳ್ಳಿ. 1936ರ ಹಳೆಯ ವೇತನ ಪಾವತಿ ಕಾಯ್ದೆಯಲ್ಲೂ ಅದರ ಬದಲಿಗೆ ಬಂದ 2019ರ ವೇತನ ಸಂಹಿತೆಯಲ್ಲೂ ಮಾತು ಒಂದೇ. ಆ ಮಾಲನ್ನು ಅವರ ಕೈಗೇ ಒಪ್ಪಿಸಿರಬೇಕು, ಅವರ ಅಸಡ್ಡೆಯಿಂದಲೇ ಹೋಗಿರಬೇಕು, ಹಿಡಿಯುವ ಮೊದಲು ಅವರ ಮಾತು ಕೇಳಿರಬೇಕು. ಹೋದದ್ದಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಇಡೀ ಸೆಕ್ಷನ್ನಿಗೆ ಸಮ ಹಂಚಿ ಕತ್ತರಿಸುವುದು ಇದರಲ್ಲಿ ಎಲ್ಲಿ ಕೂರುತ್ತದೆ?

ಬ್ಯಾಗಿನ ವಿಷಯ ಸುಲಭ. ಮೊದಲ ದಿನ ಸಂಜೆ ಎಲ್ಲರೆದುರು ನಿಮ್ಮ ಬ್ಯಾಗ್ ನೀವೇ ಬಿಚ್ಚಿ ತೋರಿಸಿ. ಆಮೇಲೆ ಮ್ಯಾನೇಜರದ್ದು. ಆಮೇಲೆ ಉಳಿದವರದ್ದು. ನಮ್ಮಲ್ಲಿ ಹನ್ನೊಂದು ವರ್ಷದಿಂದ ಹಾಗೇ ನಡೆಯುತ್ತಿದೆ, ಒಂದು ದಿನ ತಪ್ಪಿಸಿಲ್ಲ.

ಬಿಜೈಯಿಂದ, ಗೇಟಿನಲ್ಲಿ ಸೆಕ್ಯುರಿಟಿಯಾಗಿದ್ದವಳು

ಅಕ್ಕ, ಗಿರಾಕಿಗಳ ಬಗ್ಗೆ ನಾನು ಹೇಳುತ್ತೇನೆ. ಒಮ್ಮೆ ವಯಸ್ಸಾದ ಅಮ್ಮ ಒಬ್ಬರು ಹೊರಡುವಾಗ ಚೀಲದಲ್ಲಿ ತೆಂಗಿನೆಣ್ಣೆ ಕಂಡಿತು, ಬಿಲ್ಲಿನಲ್ಲಿ ಇರಲಿಲ್ಲ. ನನ್ನ ಜೊತೆಯವ ಜೋರಾಗಿ ಕೂಗಿದ. ಅವರ ಕೈ ನಡುಗಿ ಕೊಡೆ ಕೆಳಗೆ ಬಿತ್ತು. ಪರ್ಸಿನೊಳಗೆ ನಾಲ್ಕು ಮಡಿಕೆ ಮಾಡಿದ ಇನ್ನೊಂದು ಚೀಟಿ ಇತ್ತು. ಎಣ್ಣೆಯನ್ನು ಪಕ್ಕದ ಅಂಗಡಿಯಲ್ಲಿ ಕೊಂಡಿದ್ದರು. ಅವರು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.

ಆಮೇಲೆ ನಾನು ಯಾರನ್ನೇ ನಿಲ್ಲಿಸಿದರೂ "ಬಿಲ್ಲಿಗೆ ಏನಾದರೂ ಬಿಟ್ಟು ಹೋಯಿತಾ ಅಮ್ಮಾ?" ಎಂದೇ ಕೇಳಿದ್ದು. ನಿಜವಾಗಿ ಅಡಗಿಸಿಟ್ಟವರೂ ಎಷ್ಟೋ ಸಲ ಅದೇ ಮಾತು ಹಿಡಿದು ತೆಗೆದು ಕೊಟ್ಟಿದ್ದಾರೆ. ಹೆಂಗಸರ ಮೈಯನ್ನು ಗಂಡಸರು ಮುಟ್ಟಲೇಬಾರದು. ರೂಮಿಗೆ ಹಾಕಿ ಬಾಗಿಲು ಹಾಕುವುದೂ ಬೇಡ. ಅಕ್ರಮವಾಗಿ ಕೂಡಿಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ ನಮ್ಮ ಮೇಲೇ ಬೀಳುತ್ತದೆ. ಅದೇ ಕಾನೂನಿನ 303ರಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಸಲ ಶಿಕ್ಷೆಯಾದವರು ಮಾಲು ಹಿಂದಿರುಗಿಸಿದರೆ ಸಮುದಾಯ ಸೇವೆ ಸಾಕು ಎಂದಿದೆ. ಕೋರ್ಟೇ ಅಷ್ಟು ಅವಕಾಶ ಕೊಡುವಾಗ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಲು ನಾವು ಯಾರು?

ಸುರತ್ಕಲ್‌ನಿಂದ, ಸ್ಟೋರ್ ಮ್ಯಾನೇಜರ್

ಮೇಲಿನವರು ಹೇಳಿದ್ದು ಸರಿ. ಆದರೆ ಕಳ್ಳತನವೂ ಆಗುತ್ತದೆ, ಅದನ್ನು ನೋಡಿಯೂ ಸುಮ್ನಿದ್ದರೆ ನಿಯತ್ತಿನಿಂದ ಇರುವವರಿಗೆ ಅನ್ಯಾಯ. ನಮ್ಮ ಒಬ್ಬ ಕ್ಯಾಷಿಯರ್, ತನ್ನ ಗೆಳೆಯ ಬಂದಾಗ ಮೂರು ಐಟಂ ದಾಟಿಸಿ ಒಂದನ್ನೇ ಸ್ಕ್ಯಾನ್ ಮಾಡುತ್ತಿದ್ದ. ಎರಡು ವಾರ ಬಿಲ್ಲಿನ ಸಮಯ ಮತ್ತು ಕ್ಯಾಮೆರಾ ಪಕ್ಕಪಕ್ಕ ಇಟ್ಟು ನೋಡಿದೆವು. ಕೇಳುವಾಗ ಇಬ್ಬರಿದ್ದೆವು, ಬಾಗಿಲು ತೆರೆದಿತ್ತು. ಅವನದೇ ಕೈಬರಹದಲ್ಲಿ, ಕನ್ನಡದಲ್ಲಿ ಬರೆಸಿಕೊಂಡೆವು. ಫೈನಾನ್ಸ್ ಸಾಲದ ಕಂತು ಎಂದ. ಪಾಪ ಅನ್ನಿಸಿತು. ಆದರೂ ಕೆಲಸದಿಂದ ತೆಗೆದೆವು. ಯಾಕೆ ಎಂದು ಫ್ಲೋರಿನಲ್ಲಿ ಯಾರಿಗೂ ಹೇಳಲಿಲ್ಲ. ಅವನಿಗೆ ಬರಬೇಕಾದ ಸಂಬಳ ಪೂರ್ತಿ ಕೊಟ್ಟೆವು.

ಮಣಿಪಾಲದಿಂದ, ಆಡಿಟ್ ಕೆಲಸ

ಕಲಿಯುವುದರ ಬಗ್ಗೆ. ಮೊದಲು ಎಕ್ಸೆಲ್. ದಿನದ ಕೊನೆಗೆ ಕ್ಯಾನ್ಸಲ್ ಆದ ಬಿಲ್, ರಿಟರ್ನ್, ಕೈಯಿಂದ ಕೊಟ್ಟ ಡಿಸ್ಕೌಂಟ್, ಈ ಮೂರನ್ನು ಕೌಂಟರ್‌ವಾರು ಜೋಡಿಸಲು ಬಂದರೆ ಅರ್ಧ ಕೆಲಸ ಆಯಿತು. ಅಮೆರಿಕದ ಡೊನಾಲ್ಡ್ ಕ್ರೆಸ್ಸಿ ನಂಬಿಕೆದ್ರೋಹ ಮಾಡಿದವರ ಬಗ್ಗೆ ಅಧ್ಯಯನ ಮಾಡಿದವರು. ಅವರ ವಿಚಾರದಿಂದ ಬೆಳೆದ ಮಾತನ್ನು ಈ ರಂಗದಲ್ಲಿ ಎಲ್ಲರೂ ಬಳಸುತ್ತಾರೆ: ಹಣದ ಒತ್ತಡ, ಸಿಕ್ಕ ಅವಕಾಶ, ತನಗೆ ತಾನೇ ಹೇಳಿಕೊಳ್ಳುವ ಸಮರ್ಥನೆ. ನಿಮ್ಮ ಕೈಯಲ್ಲಿ ಜಾಸ್ತಿ ಇರುವುದು ನಡುವಿನದ್ದು. ಮುಂದೆ ಬೆಳೆಯುವ ಮನಸ್ಸಿದ್ದರೆ ವಂಚನೆ ಪತ್ತೆ ಮಾಡುವವರಿಗೆ ಸಿಎಫ್‌ಇ (ಸರ್ಟಿಫೈಡ್ ಫ್ರಾಡ್ ಎಕ್ಸಾಮಿನರ್) ಪರೀಕ್ಷೆ ಉಂಟು, ಅದಕ್ಕೆ ಹೊರದೇಶದಲ್ಲೂ ಮಾನ್ಯತೆ ಇದೆ. ಈಗಲೇ ದುಡ್ಡು ಸುರಿಯಬೇಡಿ, ಎರಡು ವರ್ಷ ಕೆಲಸ ಮಾಡಿ ನೋಡಿ.

ಕೇಳಿದವರು, ಕಂಕನಾಡಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಉಡುಪಿಯ ಸರ್, ಆ ಹುಡುಗಿಯ ವಿಷಯ ಓದಿ ನಮ್ಮಲ್ಲಿ ಹೋದ ತಿಂಗಳು ಬಿಟ್ಟು ಹೋದವಳ ನೆನಪಾಯಿತು. ಅವಳ ಸೆಕ್ಷನ್ನಿನ ಇನ್‌ವರ್ಡ್ ಫೈಲ್ ಇವತ್ತು ತೆಗೆಸಿದ್ದೇನೆ, ಅರ್ಧ ನೋಡಿಯಾಯಿತು. ಸೋಮವಾರ ಮ್ಯಾನೇಜರ್ ಹತ್ತಿರ ಕೂತು ಎರಡು ಮಾತು ಬರೆದು ಕೊಡಿ ಎಂದು ಕೇಳುತ್ತೇನೆ: ವಿಚಾರಣೆ ಇಲ್ಲದೆ ಯಾರ ಸಂಬಳವನ್ನೂ ಹಿಡಿಯುವುದಿಲ್ಲ, ಬ್ಯಾಗ್ ತಪಾಸಣೆ ನಮ್ಮಿಬ್ಬರಿಂದಲೇ ಶುರು. ಒಪ್ಪಿದರೆ ಸೇರುತ್ತೇನೆ. ಏನಾಯಿತು ಎಂದು ಇಲ್ಲೇ ಬರೆಯುತ್ತೇನೆ.