ಅದೇ ಆರ್‌ಪಿಎಂ, ಹೆಚ್ಚು ಇಂಧನ, ಕಪ್ಪು ಹೊಗೆ: ಎಲ್ಲಿಂದ ನೋಡಬೇಕು?

ಪ್ರಶ್ನೆ: ಹಡಗಿನ ನಿಧಾನಗತಿಯ ಎರಡು ಸ್ಟ್ರೋಕ್ ಎಂಜಿನ್. ಅದೇ ಆರ್‌ಪಿಎಂಗೆ ಇಂಧನ ಹೆಚ್ಚು ಹೋಗುತ್ತಿದೆ, ಎಕ್ಸಾಸ್ಟ್ ತಾಪಮಾನ ಏರಿದೆ, ಹೊಗೆ ಕಪ್ಪು. ಇಂಜೆಕ್ಷನ್ ಟೈಮಿಂಗ್ (ಸಿಲಿಂಡರಿಗೆ ಇಂಧನ ಚಿಮ್ಮುವ ಕ್ಷಣ) ಮುಂದಕ್ಕೆ ತರಬಹುದೇ, ಅಂದರೆ ಬೇಗ ಚಿಮ್ಮಿಸಬಹುದೇ?

ಉತ್ತರ: ಸದ್ಯಕ್ಕೆ ಟೈಮಿಂಗ್ ಮುಟ್ಟಬೇಡಿ. ತಪ್ಪು ಎಂಜಿನ್ನಿನದೋ ಹಡಗಿನ ತಳದ್ದೋ ಮೊದಲು ಗೊತ್ತಾಗಲಿ. ಸಮುದ್ರ ಶಾಂತವಿದ್ದು ಲೋಡ್ ಸ್ಥಿರವಾಗಿರುವಾಗ ಒಂದು ಗಂಟೆಯ ಫ್ಲೋಮೀಟರ್ (ಇಂಧನದ ಹರಿವು ಅಳೆಯುವ ಮೀಟರ್) ಲೆಕ್ಕ ಮತ್ತು ಶಾಫ್ಟ್ ಪವರ್ (ಪ್ರೊಪೆಲರ್ ದಂಡಕ್ಕೆ ಸಿಗುವ ಶಕ್ತಿ) ಬರೆದುಕೊಳ್ಳಿ. ಲೀಟರನ್ನು ಕಿಲೋಗೆ ತರುವಾಗ ಮೀಟರಿನ ಬಳಿಯ ತಾಪಮಾನದ ಸಾಂದ್ರತೆಯನ್ನೇ ಹಾಕಿ. 120 ಡಿಗ್ರಿ ಇಂಧನಕ್ಕೆ 15 ಡಿಗ್ರಿಯ ಸಾಂದ್ರತೆ ಹಾಕಿದರೆ ತೂಕ ಶೇ. 5ಕ್ಕೂ ಹೆಚ್ಚು ಉಬ್ಬಿ ಕಾಣುತ್ತದೆ. ಆ ತೂಕವನ್ನು ಶಾಫ್ಟ್ ಪವರಿನಿಂದ ಭಾಗಿಸಿ ಬಂದ ಗ್ರಾಂ/ಕಿಲೋವ್ಯಾಟ್-ಗಂಟೆಯನ್ನು 42,700 ಕಿಲೋಜೌಲ್/ಕಿಲೋ ಶಾಖಮೌಲ್ಯಕ್ಕೆ ತಿದ್ದಿ ಶಾಪ್ ಟೆಸ್ಟ್ (ಎಂಜಿನ್ ಹೊಸದಿದ್ದಾಗ ಕಾರ್ಖಾನೆಯಲ್ಲಿ ಮಾಡಿದ ಪರೀಕ್ಷೆ) ವರದಿಯ ಪಕ್ಕ ಇಟ್ಟು ನೋಡಿ. ಅದು ಸರಿಯಿದ್ದು, ಅದೇ ಆರ್‌ಪಿಎಂಗೆ ಕಿಲೋವ್ಯಾಟ್ ಮಾತ್ರ ಏರಿದ್ದರೆ ತಳದ ಪಾಚಿ, ಚಿಪ್ಪು ಅಥವಾ ಒರಟಾದ ಪ್ರೊಪೆಲರ್ ಎಂಜಿನ್ನಿಗೆ ಭಾರವಾಗಿದೆ.

ಉತ್ತರ: ಎಕ್ಸಾಸ್ಟ್ ತಾಪಮಾನ ಎಲ್ಲ ಸಿಲಿಂಡರಿನಲ್ಲೂ ಏರಿದೆಯೇ? ಹಾಗಿದ್ದರೆ ಗಾಳಿ ಸಾಲುತ್ತಿಲ್ಲ. ಟರ್ಬೋಚಾರ್ಜರ್ (ಎಕ್ಸಾಸ್ಟ್ ಅನಿಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಯಂತ್ರ) ಫಿಲ್ಟರ್ ನೋಡಿ. ಏರ್ ಕೂಲರಿನ ಒತ್ತಡ ಕುಸಿತ ಶುಚಿಯಾಗಿದ್ದಾಗಿನದಕ್ಕಿಂತ ಶೇ. 50 ಹೆಚ್ಚಿದ್ದರೆ ತೊಳೆಯಲೇಬೇಕು. ಕಂಪ್ರೆಸರ್ ಬದಿಯನ್ನು ಹೆಚ್ಚು ಲೋಡಿನಲ್ಲಿ ನೀರಿನಿಂದ ತೊಳೆಯಬಹುದು. ಟರ್ಬೈನ್ ಬದಿಗೆ ನೀರು ಬಿಡುವ ಮುನ್ನ ಮಾತ್ರ ಕೈಪಿಡಿಯಲ್ಲಿ ಹೇಳಿದಷ್ಟು ಲೋಡ್ ಇಳಿಸಿ. ಕಾದ ಬ್ಲೇಡಿಗೆ ನೀರು ಬಿದ್ದರೆ ಬಿರುಕು ಬಿಡುತ್ತದೆ.

ಉತ್ತರ: ಒಂದೆರಡು ಸಿಲಿಂಡರಿನಲ್ಲಷ್ಟೇ ಏರಿದ್ದರೆ ಒತ್ತಡದ ಕಾರ್ಡ್ (ಸಿಲಿಂಡರಿನೊಳಗಿನ ಒತ್ತಡದ ನಕ್ಷೆ) ತೆಗೆಯಿರಿ. ಕಂಪ್ರೆಷನ್ ಒತ್ತಡವೇ ಕಡಿಮೆಯಿದ್ದರೆ ರಿಂಗ್ ಅಥವಾ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ. ಕಂಪ್ರೆಷನ್ ಸರಿಯಿದ್ದು ಗರಿಷ್ಠ ಒತ್ತಡ ಬಿದ್ದಿದ್ದರೆ ಇಂಜೆಕ್ಟರ್ ಇಲ್ಲವೇ ಸವೆದ ಇಂಧನ ಪಂಪ್. ಇಂಧನದ ಸ್ನಿಗ್ಧತೆ (ಎಷ್ಟು ಮಂದ ಎಂಬ ಅಳತೆ) ಎಂಜಿನ್ ಒಳಹೋಗುವಲ್ಲಿ 10-15 ಸೆಂಟಿಸ್ಟೋಕ್ಸ್ ಇರಲಿ. 2020ರ ಶೇ. 0.50 ಗಂಧಕದ ಮಿತಿ ಬಂದ ಮೇಲಿನ ಇಂಧನಗಳು ಬಂಕರಿನಿಂದ ಬಂಕರಿಗೆ (ತುಂಬಿಸಿಕೊಂಡ ಪ್ರತಿ ಸಲ) ಬದಲಾಗುತ್ತವೆ. ಹಳೆಯ ಹೆವಿ ಫ್ಯೂಯೆಲ್‌ನಷ್ಟೇ ಕಾಯಿಸಿದರೆ ತೀರಾ ತೆಳುವಾಗಿ ಪಂಪಿನಲ್ಲಿ ಸೋರುತ್ತವೆ. ಹಾಗಾಗಿ ತಾಪಮಾನ ನೋಡಿ ಅಂದಾಜು ಮಾಡಬೇಡಿ, ಸ್ನಿಗ್ಧತೆ ಅಳೆಯುವ ವಿಸ್ಕೋಮೀಟರನ್ನೇ ಸರಿಯಿಡಿ.

ಉತ್ತರ: ಟೈಮಿಂಗ್ ಮುಂದೆ ತಂದರೆ ಗರಿಷ್ಠ ಒತ್ತಡ ಏರಿ ಇಂಧನ ಉಳಿಯುವುದು ನಿಜ. ಆದರೆ ಉರಿಯ ಶಾಖ ಹೆಚ್ಚಿ ನೈಟ್ರೋಜನ್ ಆಕ್ಸೈಡುಗಳೂ ಏರುತ್ತವೆ. 130 ಆರ್‌ಪಿಎಂಗಿಂತ ಕೆಳಗಿನ ಟಿಯರ್ 2 (ಹಡಗುಗಳ ಅಂತರರಾಷ್ಟ್ರೀಯ ಹೊಗೆ ನಿಯಮದ ಎರಡನೇ ಹಂತ) ಎಂಜಿನ್ನಿಗೆ ಈ ಆಕ್ಸೈಡುಗಳ ಮಿತಿ 14.4 ಗ್ರಾಂ/ಕಿಲೋವ್ಯಾಟ್-ಗಂಟೆ. ಟೆಕ್ನಿಕಲ್ ಫೈಲ್ (ಎಂಜಿನ್ನಿನ ಅನುಮೋದಿತ ಸೆಟ್ಟಿಂಗ್‌ಗಳ ದಾಖಲೆ) ಒಪ್ಪಿದ ವ್ಯಾಪ್ತಿಯೊಳಗಷ್ಟೇ ಬದಲಿಸಿ, ರೆಕಾರ್ಡ್ ಬುಕ್‌ನಲ್ಲಿ ಬರೆಯಿರಿ.

ನನ್ನ ಮಟ್ಟಿಗೆ ದೊಡ್ಡ ಉಳಿತಾಯ ವೇಗದಲ್ಲೇ. ಶೇ. 10 ಇಳಿಸಿದರೆ ಬೇಕಾದ ಶಕ್ತಿ ಸುಮಾರು ಶೇ. 27, ಪ್ರತಿ ಮೈಲಿಯ ಇಂಧನ ಸುಮಾರು ಶೇ. 19 ಇಳಿಯುತ್ತದೆ. ಒಂದು ಟನ್ ಹೆವಿ ಫ್ಯೂಯೆಲ್ ಉಳಿದರೆ 3.114 ಟನ್ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ. ಆದರೆ ಕಡಿಮೆ ಲೋಡಿನಲ್ಲೇ ಬಹಳ ಕಾಲ ಓಡಿಸಿದರೆ ಎಕ್ಸಾಸ್ಟ್ ಬಾಯ್ಲರಿನಲ್ಲಿ ಮಸಿ ಕೂತು ಬೆಂಕಿ ಹತ್ತಬಹುದು. ಆಗಾಗ ಲೋಡ್ ಏರಿಸಿ ಮಸಿ ಊದಿಸುವುದನ್ನು ಬಿಡಬೇಡಿ.