ಆರ್ಕಿಡ್ ಹೂಕಡ್ಡಿ ಕತ್ತರಿಸ್ಲಾ, ಬಿಡ್ಲಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಒಂದು ಫಲನಾಪ್ಸಿಸ್ ಆರ್ಕಿಡ್ ಇದೆ, ಎರಡು ವರ್ಷದಿಂದ ಮಗು ಥರ ನೋಡ್ಕೊಂಡಿದೀನಿ. ಹೋದ್ ತಿಂಗ್ಳು ಎಲೆಗಳೆಲ್ಲ ಸೊರಗಿ ಜೋಲು ಬಿತ್ತು, ನೀರು ಸಾಲ್ತಿಲ್ಲ ಅಂದ್ಕೊಂಡು ದಿನಾ ಹಾಕ್ದೆ, ಅದೇ ತಪ್ಪಾಗಿದ್ದು. ಪಾಟಿಂದ ತೆಗೆದು ನೋಡಿದ್ರೆ ಬೇರೆಲ್ಲ ಕಂದು ಬಣ್ಣ, ಮುಟ್ಟಿದ್ರೆ ಸಿಪ್ಪೆ ಕಳಚ್ಕೊಂಡು ಒಳಗೆ ದಾರದ ಥರ ಎಳೆ ಮಾತ್ರ ಉಳೀತಿತ್ತು. ನೋಡಿ ಹೊಟ್ಟೆ ಉರೀತು.

ಕೊಳೆತಿದ್ದನ್ನೆಲ್ಲ ಕತ್ತರಿಸಿ, ಹೊಸ ಮರದ ತೊಗಟೆ ಚೂರು ಹಾಕಿ, ತೂತಿರೋ ಪಾಟಿಗೆ ಬದಲಾಯಿಸ್ದೆ. ಈಗ ಗಟ್ಟಿ ಬೇರು ಉಳಿದಿರೋದು ಮೂರೇ ಮೂರು. ಅವು ಹಸಿರಿಂದ ಬೆಳ್ಳಿ ಬಣ್ಣಕ್ಕೆ ತಿರುಗಿದ್ಮೇಲೇ ನೀರು ಕೊಡ್ತಿದೀನಿ, ಪೂರ್ವದ ಕಿಟಕಿ ಹತ್ರ ಇಟ್ಟಿದೀನಿ, ನೇರ ಬಿಸಿಲು ಬೀಳಲ್ಲ, ಗೊಬ್ಬರ ಪೂರ್ತಿ ನಿಲ್ಲಿಸಿದೀನಿ.

ಗೊಂದಲ ಏನಂದ್ರೆ, ಇದೇ ಟೈಮಲ್ಲಿ ಹಳೇ ಹೂಕಡ್ಡಿಯ ಗೆಣ್ಣಿಂದ ಕವಲೊಡೆದು ಅವರೆಕಾಳಿನಷ್ಟು ದಪ್ಪದ ನಾಲ್ಕು ಮೊಗ್ಗು ಬಂದಿವೆ! ಎಲೆ ಮಾತ್ರ ಇನ್ನೂ ಮೆತ್ತಗೇ ಇವೆ, ಹೊಸ ಎಲೆ ಬೇರು ಯಾವುದೂ ಕಾಣ್ತಿಲ್ಲ. ಹೂ ಬಿಟ್ರೆ ಇರೋ ಶಕ್ತೀನೂ ಹೋಗಿ ಗಿಡಾನೇ ಸತ್ತೋಗತ್ತೇನೋ ಅಂತ ಭಯ, ಕತ್ತರಿಸೋಕೆ ಕೈ ಬರ್ತಿಲ್ಲ.

ಹಿಂಗೆ ಬೇರು ಕಳ್ಕೊಂಡ ಗಿಡ ಉಳಿಸ್ಕೊಂಡವ್ರು ದಯವಿಟ್ಟು ಹೇಳಿ, ಮೊಗ್ಗಿರೋ ಕಡ್ಡೀನ ಈಗ್ಲೇ ಕತ್ತರಿಸ್ಬೇಕಾ ಇಲ್ಲ ಅರಳೋಕೆ ಬಿಡ್ಬಹುದಾ? ಕತ್ತರಿಸೋದಾದ್ರೆ ಬುಡದಿಂದ್ಲಾ, ಗೆಣ್ಣಿನ ಮೇಲಾ?